ಆಗಸ್ಟ್ ಹದಿನೈದು, ಒಂಬತ್ತೂಕಾಲು

"ಆ ಫ್ಲಾಪಿ ಮುಟ್ಟಬೇಡಿ."

ಬಾಗಿಲಲ್ಲಿ ನಿಂತಿದ್ದ ಗಂಡಸು ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ.

ಮಲ್ಲಿಕಾಂಬ ಫ್ಲಾಪಿಯನ್ನು ಎದೆಗೊತ್ತಿಕೊಂಡು ಕಂಪ್ಯೂಟರಿನ ಮುಂದೆ ನಿಂತಿದ್ದಳು. ಮೂರು ದಿನ ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಆದರೆ ಈಗ ಆ ಕಣ್ಣುಗಳಲ್ಲಿ ಇದ್ದದ್ದು ಅಳುವಲ್ಲ, ಸಿಟ್ಟು.

"ನಾನು ತೀರ್ಥಪ್ಪ. ತರೀಕೆರೆಯೋನು. ಮೆಷಿನ್ ಕೊಟ್ಟ ಕಂಪನಿಯಿಂದ ಬಂದಿದೀನಿ. ಪರೀಕ್ಷೆ ಮಾಡಿ ವರದಿ ಕೊಡಿ ಅಂತ ನಿಮ್ಮ ಕಮಿಟಿಯೋರು ಕರೆಸಿದಾರೆ."

ತೀರ್ಥಪ್ಪ ಎಂಬ ಹೆಸರು ಕೇಳಿ ಯಾರೋ ಕನ್ನಡಕದ ಮುದುಕರು ಬರುತ್ತಾರೆಂದು ಅವಳು ಎಣಿಸಿದ್ದಳು. ಬಂದವನಿಗೆ ಇಪ್ಪತ್ತೇಳು ದಾಟಿರಲಿಲ್ಲ. ಅಂಗಿಯ ತೋಳು ಮಡಚಿಕೊಂಡು, ಹೆಗಲಿಗೆ ಒಂದು ಚೀಲ ಹಾಕಿಕೊಂಡು, ಬಸ್ಸಿನ ಧೂಳಿನಲ್ಲೇ ನಿಂತಿದ್ದ.

"ನೀವು ಯಾರಾದ್ರೂ ಆಗಿರಿ. ಇದನ್ನ ನಿಮ್ಮ ಕೈಗೆ ಕೊಟ್ಟರೆ ಸಾಯಂಕಾಲಕ್ಕೆ ಇದರಲ್ಲಿ ಏನಿರುತ್ತೋ ಏನಿರಲ್ವೋ. ಆಮೇಲೆ ಅದನ್ನೂ ನಾನೇ ಅಳಿಸಿದೆ ಅಂತೀರ."

ಅವನು ನಗಲಿಲ್ಲ, ರೇಗಲೂ ಇಲ್ಲ. ಚೀಲದಿಂದ ಬೆರಳುಗುರಿನಷ್ಟು ದೊಡ್ಡ ಒಂದು ಸ್ಟಿಕ್ಕರ್ ತೆಗೆದು ಮೇಜಿನ ಮೇಲಿಟ್ಟ.

"ನೀವು ಹೇಳಿದ್ದು ಸರಿ. ಹಂಗಾದ್ರೆ ಮೊದಲು ಇದನ್ನ ನೀವೇ ಅಂಟಿಸಿ. ಫ್ಲಾಪಿ ಅಂಚಲ್ಲಿ ಒಂದು ಸಣ್ಣ ಕಚ್ಚು ಇದೆ ನೋಡಿ. ಅದನ್ನ ಮುಚ್ಚಿದ್ರೆ ಮೆಷಿನ್ ಓದುತ್ತೆ ಅಷ್ಟೇ, ಬರೆಯೋಕೆ, ಅಳಿಸೋಕೆ ಆಗಲ್ಲ. ಮೇಲೆ ನಿಮ್ಮ ಇನಿಷಿಯಲ್ ಹಾಕಿ, ನಾನೂ ಹಾಕ್ತೀನಿ. ಯಾರು ಕಿತ್ತರೂ ಗೊತ್ತಾಗುತ್ತೆ."

ಮೂರು ದಿನದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಅವಳ ಮಾತು ಸರಿ ಎಂದಿದ್ದ. ಮಲ್ಲಿಕಾಂಬ ಫ್ಲಾಪಿಯನ್ನು ಮೇಜಿನ ಮೇಲಿಟ್ಟಳು. ಸ್ಟಿಕ್ಕರ್ ಅಂಟಿಸಿ ಸಹಿ ಹಾಕಿದಳು. ಜಾಗ ಸಾಲದೆ ಅವನ ಅಕ್ಷರ ಅವಳ ಅಕ್ಷರಕ್ಕೆ ತಾಗಿಕೊಂಡೇ ಕೂತಿತು.

*

ಇಷ್ಟಕ್ಕೂ ಅವಳು ಮಾಡಿದ ತಪ್ಪೇನು?

ಕಡೂರಿನ ಆ ವಿದ್ಯಾಸಂಸ್ಥೆಗೆ ಹೋದ ವರ್ಷ, ಅಂದರೆ ಎಂಬತ್ತೇಳರಲ್ಲಿ, ಒಂದು ಕಂಪ್ಯೂಟರ್ ಬಂತು. ಅದನ್ನು ನಡೆಸಲು ಚೌಳಹಿರಿಯೂರಿನ ಮಲ್ಲಿಕಾಂಬ ಬಂದಳು. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಆರು ತಿಂಗಳ ಕೋರ್ಸ್ ಮುಗಿಸಿದ್ದ ಹುಡುಗಿ. ಅಜ್ಜಿಯ ಹೆಸರಿಟ್ಟುಕೊಂಡ ಇಪ್ಪತ್ಮೂರರ ಹುಡುಗಿ ಟಿ.ವಿ.ಯಂಥ ಪೆಟ್ಟಿಗೆಯ ಮುಂದೆ ಕೂತು ಟಕಟಕ ಹೊಡೆಯುವುದನ್ನು ನೋಡಲು ಮೇಷ್ಟ್ರುಗಳೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದರು.

ಈ ವರ್ಷ ಟಿ.ಸಿ.ಎಚ್., ಅಂದರೆ ಶಿಕ್ಷಕರ ತರಬೇತಿಗೆ ನಲವತ್ತು ಸೀಟು. ಎಸ್ಸೆಸ್ಸೆಲ್ಸಿ ಅಂಕದ ಮೇಲೆ ಪಟ್ಟಿ. ಕಂಪ್ಯೂಟರ್ ಪಟ್ಟಿ, ಅದರಲ್ಲಿ ಮೋಸವಿಲ್ಲ ಎಂದು ಸಂಸ್ಥೆಯವರು ಊರೆಲ್ಲ ಹೇಳಿಕೊಂಡು ಬಂದರು. ಆಗಸ್ಟ್ ಹನ್ನೊಂದು, ಗುರುವಾರ, ಮಲ್ಲಿಕಾಂಬ ಒಂದೊಂದು ಅಂಕಪಟ್ಟಿಯನ್ನೂ ಎರಡೆರಡು ಸಲ ತಾಳೆ ನೋಡಿ ಪಟ್ಟಿ ಮುಗಿಸಿ, ಫ್ಲಾಪಿಯಲ್ಲಿ ಉಳಿಸಿ, ಪ್ರಿಂಟ್ ತೆಗೆದು ಸೂಪರಿಂಟೆಂಡೆಂಟ್ ಶಿವಮೂರ್ತಪ್ಪನವರ ಕೈಗಿಟ್ಟಳು. ಮಾರನೇ ದಿನ ಭೀಮನ ಅಮಾವಾಸ್ಯೆ. ಪೂಜೆಗೆ ಬರಲೇಬೇಕೆಂದು ಅಮ್ಮ ಹೇಳಿಕಳಿಸಿದ್ದರಿಂದ ರಜ ಹಾಕಿ, ರೂಮಿನ ಬೀಗದ ಕೈಯನ್ನೂ ಅವರಿಗೇ ಕೊಟ್ಟು ಊರಿಗೆ ಹೋದಳು.

ಶನಿವಾರ ಅವಳು ಬರುವಷ್ಟರಲ್ಲಿ ಪಟ್ಟಿ ನೋಟೀಸ್ ಬೋರ್ಡಿನಲ್ಲಿತ್ತು.

ಮಂಗಳವಾರ ಅಜ್ಜಂಪುರದ ಕಾಶಮ್ಮ ಬಂದರು. ಬೀರೂರಿಗೆ ರೈಲಲ್ಲಿ ಬಂದು, ಅಲ್ಲಿಂದ ಬಸ್ಸು ಹತ್ತಿ, ಸೆರಗಿನಲ್ಲಿ ಮಗಳ ಅಂಕಪಟ್ಟಿ ಕಟ್ಟಿಕೊಂಡು ಬಂದಿದ್ದರು. ಮಗಳು ಶಕುಂತಲೆಗೆ ಬಂದಿದ್ದು ನಾನೂರ ಮೂವತ್ತೇಳು. ಬೋರ್ಡಿನ ಪಟ್ಟಿಯಲ್ಲಿ ನಾನೂರ ಏಳು. ನಲವತ್ತನೇ ಹೆಸರಾಗಬೇಕಿದ್ದ ಹುಡುಗಿ ಪಟ್ಟಿಯಿಂದಲೇ ಹೊರಗೆ. ಅವಳ ಜಾಗದಲ್ಲಿ, ಅವಳ ಹಿಂದಿದ್ದ ಇನ್ನೊಬ್ಬಳು.

"ಇದನ್ನ ಹೊಡ್ದೋಳು ಯಾರು?" ಎಂದು ಕೇಳಿದರು ಕಾಶಮ್ಮ. ಎಲ್ಲರೂ ಮಲ್ಲಿಕಾಂಬಳನ್ನು ತೋರಿಸಿದರು.

"ನೀನೂ ಓದಿದ್ ಹೆಣ್ಣಲ್ವೇನೇ? ನನ್ ಮಗೀನ ಅನ್ನ ಕಿತ್ಕಂಡ್ಯಲ್ಲ... ನಿಂಗೆ ಒಳ್ಳೇದಾಗಲ್ಲ ಕಣೇ."

ಆ ಮಾತು ಅವಳ ನೆತ್ತಿಯ ಮೇಲೆ ಕೂತಿತು. ಸೋಮವಾರ ಇಪ್ಪತ್ತೆರಡಕ್ಕೆ ಕಮಿಟಿ ಸೇರಿ ತೀರ್ಮಾನ ಮಾಡುವುದೆಂದಾಯಿತು. ಕೆಲಸ ಹೋಗುವುದು ಖಂಡಿತ. ಪೊಲೀಸಿಗೆ ಕೊಡುವುದೋ ಬಿಡುವುದೋ ಎಂಬುದಷ್ಟೇ ಉಳಿದಿತ್ತು. ಅಂಕ ತಿದ್ದಿದವಳು ಎಂಬ ಹೆಸರು ಮಾತ್ರ ಆಗಲೇ ಬಸ್ಸು ಹತ್ತಿ ಚೌಳಹಿರಿಯೂರು ಮುಟ್ಟಿತ್ತು.

ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲವಂತೆ. ಶಿವಮೂರ್ತಪ್ಪನವರು ದೊಡ್ಡವರು, ಅವರೂ ಹೇಳುವುದಿಲ್ಲವಂತೆ. "ಅವಳು ಕೊಟ್ಟಿದ್ದನ್ನೇ ಬೋರ್ಡಿಗೆ ಹಾಕ್ದೆ, ನಂಗೆ ಅದರ ಸ್ವಿಚ್ ಹಾಕೋಕೂ ಬರಲ್ಲ ಕಣಪ್ಪ" ಎಂದು ಅವರು ಎದೆ ಮುಟ್ಟಿಕೊಂಡು ಹೇಳಿದ್ದರು. ಇನ್ನು ಉಳಿದವಳು ಯಾರು? ಸಂಬಳಕ್ಕೆ ಬರುವ, ಮದುವೆಯಾಗದ, ಕಡೂರಿನಲ್ಲಿ ಹಿಂದೆ ಮುಂದೆ ಕೇಳುವವರಿಲ್ಲದ ಹೆಣ್ಣುಮಗಳು. ಕಮಿಟಿಯ ಗಂಡಸರಿಗೆ ಇಷ್ಟು ಸಲೀಸಾದ ತನಿಖೆ ಇನ್ನೊಂದು ಸಿಗುತ್ತಿರಲಿಲ್ಲ.

*

ಫ್ಲಾಪಿಗೆ ಸಹಿ ಬಿದ್ದ ಆ ಹತ್ತೊಂಬತ್ತರ ಶುಕ್ರವಾರ ಮಧ್ಯಾಹ್ನದವರೆಗೆ ತೀರ್ಥಪ್ಪ ಕೆಲಸ ಮಾಡಿದ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಏನು ಮಾಡುತ್ತಿದ್ದೇನೆಂದು ಹೇಳುತ್ತಾ, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಾ ಹೋದ. ಊಟದ ಹೊತ್ತಿಗೆ ಅವಳು ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ, ಹುಚ್ಚೆಳ್ಳು ಚಟ್ನಿ ಅವನ ಕಡೆ ತಳ್ಳಿದಳು.

"ನೀವು ತಪ್ಪು ಮಾಡಿದೋರ ತರ ಕಾಣಲ್ಲ ರೀ" ಎಂದ ಅವನು, ಮುಖ ನೋಡದೆ.

ಅವಳ ಎದೆಯ ಭಾರ ಒಂದಿಷ್ಟು ಇಳಿಯಿತು. 'ಈತ ನನ್ನ ಕೈಬಿಡಲ್ಲ...' ಎಂದುಕೊಂಡಳು. ಯಾಕೆ ಹಾಗನ್ನಿಸಿತೆಂದು ಅವಳಿಗೇ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ವರದಿ ಕಮಿಟಿಯ ಅಧ್ಯಕ್ಷರಿಗೆ ಹೋಯಿತು. ಶಿವಮೂರ್ತಪ್ಪನವರೇ ಅದನ್ನು ತಂದು ಅವಳ ಮುಂದೆ ಓದಿದರು.

"ನೋಡಮ್ಮ, ಏನು ಬರೆದವ್ರೆ. ಯಂತ್ರದಲ್ಲಿ ದೋಷವಿಲ್ಲ. ಅಂಕವನ್ನು ಕೀಲಿಮಣೆಯಿಂದ, ಯಂತ್ರ ನಡೆಸಲು ತಿಳಿದವರೇ ಬದಲಿಸಿದ್ದಾರೆ. ಕೆಳಗೆ ಸಹಿ. ಈ ರೂಮಲ್ಲಿ ಯಂತ್ರ ನಡೆಸೋಕೆ ತಿಳಿದೋರು ಯಾರವ್ರೆ, ನೀನೇ ಹೇಳು."

ಮಲ್ಲಿಕಾಂಬ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಚಪ್ಪಲಿ ಮೆಟ್ಟಿಕೊಂಡು ನೇರ ಬಸ್ ಸ್ಟ್ಯಾಂಡಿಗೆ ನಡೆದಳು.

*

ತೀರ್ಥಪ್ಪ ಟೀ ಅಂಗಡಿಯ ಮುಂದೆ ತರೀಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದ. ಅವಳು ಬಂದ ರೀತಿ ನೋಡಿ ಲೋಟ ಕೆಳಗಿಟ್ಟ.

"ನನ್ನ ಡಬ್ಬಿ ರೊಟ್ಟಿ ತಿಂದ್ರಲ್ಲ ಸಾರ್. ತಿಂದು ಹಿಂಗೆ ಬರೆದ್ರಲ್ಲ."

"ನಾನು ನಿಮ್ಮ ಹೆಸರು ಬರೆದಿಲ್ಲ..."

"ಹೆಸರು ಬರೆಯೋದೇನು ಬಾಕಿ? ತಿಳಿದವರು ಅಂದ್ರೆ ಯಾರು ಅಂತ ಇಡೀ ಕಡೂರಿಗೆ ಗೊತ್ತು. ಕೋಳಿ ಕುತ್ತಿಗೆಗೆ ಚಾಕು ಇಟ್ಟು, ನಾನು ಕುಯ್ದಿಲ್ಲ ಅಂದಂಗಾಯ್ತು."

ಬಸ್ಸಿಗೆ ಕಾಯುತ್ತಿದ್ದವರು ಇತ್ತ ತಿರುಗಿದರು. ತಿರುಗಲಿ ಎಂದುಕೊಂಡಳು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರಿಂದ ಬಂದದ್ದೇನು?

"ನಾನು ಕಂಡಿದ್ದನ್ನಷ್ಟೇ ಬರೆದೆ ರೀ. ಕಾಣದ್ದನ್ನ ಬರೆಯೋಕಾಗಲ್ಲ."

"ಕಂಡಿದ್ದನ್ನೆಲ್ಲ ಬರೆದ್ರಾ?"

ತೀರ್ಥಪ್ಪನ ಕೈ ಚೀಲದಲ್ಲಿದ್ದ ನೋಟ್‌ಬುಕ್ಕಿನ ಕಡೆ ಹೋಯಿತು. ಅವಳಿಗೆ ಅಷ್ಟು ಸಾಕಾಯಿತು.

"ಏನು ಬಿಟ್ರಿ?"

"ತಾರೀಕು..." ಎಂದು ಅವನು ನೋಟ್‌ಬುಕ್ ತೆಗೆದ. "ಪಟ್ಟಿನ ಕಡೇ ಸಲ ಯಾವಾಗ ತಿದ್ದಿದ್ರು ಅಂತ ಫ್ಲಾಪಿಯಲ್ಲಿ ಇರುತ್ತೆ. ಆದ್ರೆ ಈ ಮೆಷಿನ್ ಒಳಗೆ ಗಡಿಯಾರ ಇಲ್ಲ. ಬೆಳಿಗ್ಗೆ ಸ್ವಿಚ್ ಹಾಕ್ದಾಗ ತಾರೀಕು ಎಷ್ಟು, ಟೈಮ್ ಎಷ್ಟು ಅಂತ ನಮ್ಮನ್ನೇ ಕೇಳುತ್ತೆ. ನಾವು ಹೇಳಿದ್ದೇ ಅದಕ್ಕೆ ದಿನ. ಅರ್ಧ ಜನ ಬಾಯಿಗೆ ಬಂದದ್ದು ಹೊಡೀತಾರೆ. ನಂಬೋಕಾಗಲ್ಲ ಅಂತ ಬಿಟ್ಟೆ."

"ಈ ವರ್ಷ ನಾನು ಒಂದು ದಿನಾನೂ ತಪ್ಪು ತಾರೀಕು ಹೊಡೆದಿಲ್ಲ. ತೋರಿಸಿ."

ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರ್ ಬೀರೂರು, ತರೀಕೆರೆ ಎಂದು ಕೂಗಿದ. ತೀರ್ಥಪ್ಪ ಕಲ್ಲುಬೆಂಚಿನ ಮೇಲೆ ಕೂತು ಪುಟ ಮಗುಚಿದ. ಬಸ್ಸು ಹೊರಟುಹೋಯಿತು. ಅವನು ತಲೆಯೆತ್ತಿಯೂ ನೋಡಲಿಲ್ಲ.

ಪೆನ್ಸಿಲಿನ ಸಾಲುಗಳ ಮೇಲೆ ಅವಳ ಬೆರಳು ಇಳಿಯುತ್ತಾ ಹೋಗಿ ಒಂದು ಕಡೆ ನಿಂತಿತು. ಪಟ್ಟಿಯ ಮುಂದೆ ಹೀಗಿತ್ತು: ಆಗಸ್ಟ್ 15, 1988. ಬೆಳಿಗ್ಗೆ 9:15.

"ಪಟ್ಟಿ ಬೋರ್ಡಿಗೆ ಅಂಟಿಸಿದ್ದು ಹದಿಮೂರಕ್ಕೆ" ಎಂದಳು ನಿಧಾನವಾಗಿ. "ತಿದ್ದಿದ್ದು ಹದಿನೈದಕ್ಕಾ?"

"ಅದಕ್ಕೇ ಹೇಳಿದ್ದು, ಸುಳ್ಳು ತಾರೀಕು ಅಂತ."

"ಸುಳ್ಳೇ. ಆದ್ರೆ ಸುಳ್ಳು ತಾನಾಗೇ ಬರಲ್ಲ ಸಾರ್. ಯಾರೋ ಹೇಳಬೇಕು. ಬಾಯಿಗೆ ಬಂದದ್ದು ಹೊಡೆಯೋರು ಒಂದೋ ಎರಡೋ ಹೊಡೀತಾರೆ. ಇನ್ನೂ ಬರದೇ ಇರೋ ದಿನವನ್ನ, ನಿಮಿಷದ ಸಮೇತ ಯಾರು ಹೊಡೀತಾರೆ?"

ಅವಳ ಕಣ್ಣು ಟೀ ಅಂಗಡಿಯ ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಹನ್ನೆರಡು, ಶುಕ್ರವಾರ, ಅಮಾವಾಸ್ಯೆ. ಆಷಾಢದ ಕಡೆಯ ದಿನ. ಹದಿನೈದು, ಶ್ರಾವಣದ ಮೊದಲನೇ ಸೋಮವಾರ. ಕೆಳಗೆ ಸಣ್ಣಕ್ಷರದಲ್ಲಿ ರಾಹುಕಾಲ: ಏಳೂವರೆಯಿಂದ ಒಂಬತ್ತು.

ಒಂಬತ್ತೂಕಾಲು...

ಹೋದ ವರ್ಷ ಮೆಷಿನ್ ಬಂದದ್ದೂ ಆಷಾಢದಲ್ಲೇ. ಅದಕ್ಕೆ ಕುಂಕುಮ ಇಟ್ಟು, ಪಂಚಾಂಗ ಹಿಡಿದು, ಕುರ್ಚಿಯ ಹಿಂದೆ ನಿಂತು ಶಿವಮೂರ್ತಪ್ಪನವರು ಹೇಳಿದ್ದರು: "ಆಷಾಢದ ತಾರೀಕು ಬ್ಯಾಡ ಕಣಮ್ಮ. ಶ್ರಾವಣದ ಮೊದಲನೇ ಸೋಮವಾರ ಹಾಕು, ಒಂಬತ್ತೂಕಾಲು ಅನ್ನು. ಮೆಷಿನ್ನಿಗೇನು ಗೊತ್ತಾಗುತ್ತೆ?" ಹೊಸ ಕೆಲಸ, ದೊಡ್ಡವರ ಮಾತು. ಆ ಒಂದು ದಿನ ಮಾತ್ರ ಹಾಗೇ ಹೊಡೆದಿದ್ದಳು. ಅಂದಿನಿಂದ ಪ್ರತಿ ಬೆಳಿಗ್ಗೆ ರಾಹುಕಾಲ ನೋಡಿ, ಹಿಂದೆ ನಿಂತು, ಅವಳು ಯಾವ ಕೀಲಿ ಒತ್ತುತ್ತಾಳೆಂದು ಅವರು ನೋಡುತ್ತಾ ಬಂದು ಒಂದು ವರ್ಷವಾಗಿತ್ತು. ಸ್ವಿಚ್ ಹಾಕೋಕೂ ಬರಲ್ಲವಂತೆ.

ಅವಳು ಹೇಳಿ ಮುಗಿಸಿದಾಗ ತೀರ್ಥಪ್ಪನ ಮುಖ ಇಳಿದುಹೋಗಿತ್ತು.

"ಕೈಯಲ್ಲೇ ಇಟ್ಕೊಂಡು ಬಿಸಾಕಿದೆ" ಎಂದ. "ಯಂತ್ರ ನೋಡಿದೆ, ಅದರ ಮುಂದೆ ಕೂತ ಮನುಷ್ಯನ್ನ ನೋಡಲಿಲ್ಲ. ತಪ್ಪು ನಂದು ರೀ."

ತಪ್ಪು ನನ್ನದು ಎಂದು ಗಂಡಸೊಬ್ಬ ಬಸ್ ಸ್ಟ್ಯಾಂಡಿನಲ್ಲಿ, ಹತ್ತು ಜನರ ಮುಂದೆ ಹೇಳಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

"ನನ್ನ ಮುಂದೆ ಹೇಳಿದ್ರೆ ಸಾಲದು. ಸೋಮವಾರ ಅವರ ಮುಂದೆ ಹೇಳ್ತೀರಾ?"

"ಬತ್ತೀನಿ."

"ಕಂಪನಿಯೋರು ನಿಮ್ಮನ್ನ ಸುಮ್ಮನೆ ಬಿಡಲ್ಲ."

"ಬತ್ತೀನಿ ಅಂದೆನಲ್ಲ."

*

ಸೋಮವಾರ ಆ ಪುಟ್ಟ ರೂಮಿನಲ್ಲಿ ಕಮಿಟಿಯ ಏಳು ಜನ ಕಿಕ್ಕಿರಿದು ಕೂತಿದ್ದರು. ನಡುವೆ ಅಧ್ಯಕ್ಷರು, ಬಿಳಿ ಪೇಟದ ಜಯದೇವಪ್ಪನವರು. ಗೋಡೆಗೊರಗಿ ಕಾಶಮ್ಮ. ಬಾಗಿಲಲ್ಲಿ ಅಟೆಂಡರ್ ರಂಗಯ್ಯ.

ಹತ್ತಾಯಿತು. ತೀರ್ಥಪ್ಪನ ಸುಳಿವಿರಲಿಲ್ಲ. 'ಇವನೂ ಹಂಗೇ...' ಎಂದುಕೊಂಡು ಮಲ್ಲಿಕಾಂಬ ಬಾಗಿಲ ಕಡೆ ನೋಡಿದಳು. ಹತ್ತೂ ಹತ್ತಕ್ಕೆ ಅವನು ಏದುಸಿರು ಬಿಡುತ್ತಾ ಒಳಗೆ ಬಂದ. ಬೀರೂರಿನಲ್ಲಿ ಬಸ್ಸು ಕೆಟ್ಟು, ಯಾರದೋ ಟ್ರ್ಯಾಕ್ಟರ್ ಹತ್ತಿ ಬಂದಿದ್ದ.

"ಯಜಮಾನ್ರೇ, ಶುಕ್ರವಾರ ನಾನು ಕೊಟ್ಟಿದ್ದು ಅರ್ಧ ವರದಿ. ಮುಖ್ಯವಾದದ್ದನ್ನ ನಾನೇ ಕೈಬಿಟ್ಟಿದ್ದೆ. ಉಳಿದರ್ಧ ಇಲ್ಲಿದೆ. ಅದನ್ನ ಕಂಡುಹಿಡಿದೋರು ಇವರು, ಅದಕ್ಕೆ ಇವರೇ ಹೇಳಲಿ."

ಫ್ಲಾಪಿಯ ಸ್ಟಿಕ್ಕರ್ ಎಲ್ಲರಿಗೂ ತೋರಿಸಿ, ಸಹಿ ಹಾಗೇ ಇದೆಯೆಂದು ಅಧ್ಯಕ್ಷರ ಬಾಯಲ್ಲಿ ಹೇಳಿಸಿ, ಅವನು ಅದನ್ನು ಮೆಷಿನ್ನಿಗೆ ಹಾಕಿದ. ತೆರೆಯ ಮೇಲೆ ಹಸಿರು ಅಕ್ಷರ ಮೂಡಿದವು.

ಮಲ್ಲಿಕಾಂಬ ಎದ್ದು ನಿಂತಳು.

"ಯಜಮಾನ್ರೇ, ಪಟ್ಟಿ ತಿದ್ದಿದ್ದು ಆಗಸ್ಟ್ ಹದಿನೈದು, ಬೆಳಿಗ್ಗೆ ಒಂಬತ್ತೂಕಾಲು ಅಂತಿದೆ. ಆ ಹೊತ್ತಲ್ಲಿ ನೀವೆಲ್ಲ ಎಲ್ಲಿದ್ರಿ?"

"ಧ್ವಜದ ಕೆಳಗೆ. ನೀನೂ ಇದ್ದೆ, ಹುಡುಗೀರ ಜೊತೆ ಹಾಡಿದ್ಯಲ್ಲಮ್ಮ."

"ಅದಕ್ಕೆ ಎರಡು ದಿನ ಮೊದಲೇ ಪಟ್ಟಿ ಬೋರ್ಡಲ್ಲಿತ್ತು. ಅಂದ್ರೆ ತಿದ್ದಿದೋರು ಮೆಷಿನ್ನಿಗೆ ಸುಳ್ಳು ದಿನ ಹೇಳಿದಾರೆ. ತಿದ್ದಿದ ದಿನ ಅವರಿಗೆ ಹಿಡಿಸಿಲ್ಲ. ನಾನು ರಜದಲ್ಲಿದ್ದ ದಿನ, ಹನ್ನೆರಡು. ಅವತ್ತು ಏನಿತ್ತು ಅಂತ ನಿಮಗೇ ಗೊತ್ತು."

"ಅಮಾವಾಸ್ಯೆ" ಎಂದರು ಯಾರೋ.

ತೀರ್ಥಪ್ಪ ಎರಡನೇ ಫ್ಲಾಪಿ ಹಾಕಿದ. "ಇದು ಮೆಷಿನ್ ಬಂದಾಗ ಮಾಡಿದ ಮೊದಲನೇದು. ನಮ್ಮ ಕಂಪನಿ ಕಾಗದದ ಪ್ರಕಾರ ಹೋದ ವರ್ಷ ಜುಲೈ ಇಪ್ಪತ್ತಕ್ಕೆ. ಆದ್ರೆ ಇದರಲ್ಲಿರೋ ತಾರೀಕು ಇಪ್ಪತ್ತೇಳು, ಶ್ರಾವಣದ ಮೊದಲನೇ ಸೋಮವಾರ. ಹೊತ್ತು, ಇದರಲ್ಲೂ ಒಂಬತ್ತೂಕಾಲೇ."

ಬಾಗಿಲಲ್ಲಿ ರಂಗಯ್ಯ ಮುಖ ಅರಳಿಸಿಕೊಂಡು ತಲೆಯಾಡಿಸಿದ. "ಹೂಂ ಬುದ್ಧಿ, ನಾನೇ ಕಾಯಿ ಒಡ್ದಿದ್ದು. ಸ್ವಾಮಾರ ಒಂಬತ್ಗಂಟೆಗೆ ರಾವುಕಾಲ ಕಳೀತದೆ, ಮೇಲೆ ಒಂದ್ ಕಾಲ್ಗಂಟೆ ಸೇರ್ಸಿ ಹೊಡಿಯಮ್ಮ ಅಂತ ಸಿವಮೂರ್ತಪ್ನೋರೇ ಹೇಳ್ಕೊಟ್ರಲ್ಲ."

ಏಳು ತಲೆಗಳೂ ಒಂದೇ ಕಡೆ ತಿರುಗಿದವು. ಶಿವಮೂರ್ತಪ್ಪನವರ ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು.

"ಪಟ್ಟಿಯ ಕಡೇ ಹೆಸರಿನ ಹುಡುಗಿ ನಿಮಗೇನಾಗಬೇಕು ಶಿವಮೂರ್ತಪ್ಪ?" ಎಂದರು ಜಯದೇವಪ್ಪನವರು.

ಶಿವಮೂರ್ತಪ್ಪನವರು ಹೆಗಲ ವಸ್ತ್ರದಿಂದ ಹಣೆ ಒರೆಸಿಕೊಂಡರು. "ನಾದಿನಿ ಮಗಳು... ತಂದೆ ಇಲ್ಲದ ಮಗು ಯಜಮಾನ್ರೇ. ಅದರ ಬಾಳು ಶುರುವಾಗೋ ಪಟ್ಟಿ. ಅಮಾವಾಸ್ಯೆ ತಾರೀಕಲ್ಲಿ ಅದರ ಹೆಸರು ಹೆಂಗೆ ಹಾಕ್ಲಿ?"

ಅಲ್ಲಿಯವರೆಗೆ ತಡೆದುಕೊಂಡಿದ್ದ ಮಲ್ಲಿಕಾಂಬ ಇನ್ನು ತಡೆಯಲಿಲ್ಲ.

"ಅಮಾವಾಸ್ಯೆ ದಿನ ಒಂದು ಹುಡುಗಿ ಹೆಸರು ಬರೆಯೋಕೆ ನಿಮ್ಮ ಕೈ ಬರಲಿಲ್ಲ. ಇನ್ನೊಂದು ಹುಡುಗಿ ಹೆಸರು ಅಳಿಸೋಕೆ ಬಂತಲ್ಲ ಸಾರ್. ಅದಕ್ಕೆ ಯಾವ ಮುಹೂರ್ತ ನೋಡಿದ್ರಿ? ನನ್ನ ತಲೆ ಮೇಲೆ ಹಾಕೋಕೆ ಯಾವ ಮುಹೂರ್ತ ನೋಡಿದ್ರಿ?"

ಜಯದೇವಪ್ಪನವರು ಕಮಿಟಿಯ ಕಡೆ ತಿರುಗಿದರು.

ಶಕುಂತಲೆಗೆ ಸೀಟು ಸಿಕ್ಕಿತು. ಶಿವಮೂರ್ತಪ್ಪನವರನ್ನು ಅಂದೇ ಕೆಲಸದಿಂದ ತೆಗೆದರು. "ಆಯ್ತಲ್ಲಮ್ಮ, ಇಲ್ಲಿಗೆ ಮರೆತುಬಿಡು" ಎಂದರು ಕಮಿಟಿಯ ಒಬ್ಬ ಹಿರಿಯರು, ದೊಡ್ಡ ಮನಸ್ಸು ಮಾಡಿದವರ ಹಾಗೆ.

"ಮರೆಯೋಕಾಗಲ್ಲ. ಪಟ್ಟಿ ಹಾಕಿದ ಬೋರ್ಡಿನ ಮೇಲೇ ಹಾಕಿ. ಮಲ್ಲಿಕಾಂಬ ತಪ್ಪು ಮಾಡಿಲ್ಲ, ತಪ್ಪು ಮಾಡಿದ್ದು ನಾವು ಅಂತ. ನಾನೇ ಟೈಪ್ ಮಾಡಿಕೊಡ್ತೀನಿ, ಏಳು ಜನಾನೂ ಸಹಿ ಹಾಕಿ."

ಜಯದೇವಪ್ಪನವರು ಮೊದಲ ಸಹಿ ಹಾಕಿದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಾ ಹಾಕಿದರು. ಕಾಶಮ್ಮ ಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ನನ್ ಬಾಯಿಗೆ ಬೆಂಕಿ ಬೀಳ ಕಣವ್ವ. ಒಳ್ಳೇದಾಗಲ್ಲ ಅಂದ್ಬಿಟ್ಟಿದ್ದೆ."

"ಬಿಡಿ ಅತ್ತೆ. ಈಗ ಆಗುತ್ತೆ ಅಂತ ಒಂದು ಮಾತು ಹೇಳಿ ಸಾಕು."

ಕಾಶಮ್ಮ ಹೇಳಿದರು. ಹೇಳುವಾಗ ಯಾಕೋ ತೀರ್ಥಪ್ಪನ ಕಡೆ ಒಮ್ಮೆ ನೋಡಿದರು.

*

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ತೀರ್ಥಪ್ಪ ಮತ್ತೆ ಬಂದ.

"ಮೆಷಿನ್ ಸರಿಯಾಗಿದೆಯಲ್ಲ. ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಎಂದಳು ಮಲ್ಲಿಕಾಂಬ.

"ಮೆಷಿನ್ ನೋಡೋಕೆ ಬರಲಿಲ್ಲ." ಅವನು ಕೂರದೆ ಬಾಗಿಲಲ್ಲೇ ನಿಂತ. "ಕಂಪನಿಯೋರು ಬೈದ್ರು, ಕೆಲಸದಿಂದ ತೆಗೀಲಿಲ್ಲ. ಅಮ್ಮಂಗೆ ನಿಮ್ಮ ವಿಷಯ ಹೇಳಿದೆ. ಒಳ್ಳೆ ದಿನ ನೋಡ್ಕೊಂಡು ಹೋಗಿ ಕೇಳು ಅಂದ್ರು. ನಾನು ಬೇಕಂತಲೇ ಇವತ್ತು ಬಂದೆ."

"ಇವತ್ತು ಅಮಾವಾಸ್ಯೆ ಕಣ್ರೀ."

"ಗೊತ್ತು. ರಾಹುಕಾಲ ಬೇರೆ. ಮನಸ್ಸಲ್ಲಿರೋದನ್ನ ಸುಳ್ಳು ತಾರೀಕಲ್ಲಿ ಹೇಳಬಾರದು ಅನ್ನಿಸ್ತು." ಅವನು ಹೆಗಲ ಚೀಲ ಕೆಳಗಿಟ್ಟ. "ನನ್ನನ್ನ ಮದುವೆ ಆಗ್ತೀರಾ ಮಲ್ಲಿಕಾಂಬ?"

ಅವಳಿಗೆ ಮುಖವೆಲ್ಲ ಬಿಸಿಯಾಯಿತು. ತಿರುಗಿ ಸ್ವಿಚ್ ಹಾಕಿದಳು. ಮೆಷಿನ್ ಗುಂಯ್‌ಗುಟ್ಟಿ ತಾರೀಕು ಎಷ್ಟೆಂದು ಕೇಳಿತು. ಅಮಾವಾಸ್ಯೆಯ ತಾರೀಕನ್ನೇ ಹೊಡೆದಳು. ಮೆಷಿನ್ ಟೈಮ್ ಕೇಳಿತು.

"ಎಷ್ಟು?" ಎಂದಳು, ತಿರುಗದೆ.

ಅವನು ವಾಚು ನೋಡಿಕೊಂಡ. "ಹತ್ತಕ್ಕೆ ಎರಡು ನಿಮಿಷ."

ಅದನ್ನೂ ಹೊಡೆದು ಅವನ ಕಡೆ ತಿರುಗಿದಳು.

"ಬರ್ಕೊಳ್ಳಿ ನಿಮ್ಮ ನೋಟ್‌ಬುಕ್ಕಲ್ಲಿ. ಈ ದಿನ, ಈ ಹೊತ್ತಿಗೆ ಹೂಂ ಅಂದಳು ಅಂತ. ಈ ಸಲ ಏನೂ ಬಿಡಬೇಡಿ."

ತೀರ್ಥಪ್ಪ ನಿಜವಾಗಿಯೂ ಪೆನ್ಸಿಲ್ ತೆಗೆದ. ಅವನು ಒಂದೊಂದೇ ಅಕ್ಷರ ಬರೆಯುವುದನ್ನು ನೋಡಿ ಅವಳು ನಕ್ಕಳು. ಒಂದು ತಿಂಗಳಾಗಿತ್ತು ಅವಳು ನಕ್ಕು.

"ನಮ್ಮಪ್ಪನ್ನ ಕೇಳೋಕೆ ಬರುವಾಗ ಮಾತ್ರ ಒಳ್ಳೆ ದಿನ ನೋಡ್ಕೊಂಡು ಬನ್ನಿ. ಅವರಿಗೆ ಬೇಕು."

"ನಿಮಗೆ ಬ್ಯಾಡ್ವಾ?"

"ನಂದು ಆಗ್ಹೋಯ್ತಲ್ಲ" ಎಂದಳು ಮಲ್ಲಿ. "ಬನ್ನಿ ಒಳಗೆ. ರೊಟ್ಟಿ ತಂದಿದೀನಿ."